ನನ್ನ ಹತ್ತಿರ ಏನೂ ಕೇಳದ ಮನುಷ್ಯ

ತೋಡಿನಾಚೆಯ ಅಣ್ಣ ಹೋಗಿಬಿಟ್ಟರು ಎಂದು ಹೆಂಡತಿ ಬಂದು ಹೇಳಿದಾಗ ನಾನು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಅರ್ಧ ಮುಖಕ್ಕೆ ಸೋಪು ಹಾಗೇ ಇತ್ತು. ಅವರು ಬೆಳಿಗ್ಗೆ ಎದ್ದು ಒಂದು ಲೋಟ ಬೆಲ್ಲದ ಕಾಫಿ ಕುಡಿದು, ಜಗಲಿಯಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕೂತು, "ಇನ್ನರ್ಧ ಲೋಟ ಉಟ್ಟಾ?" ಎಂದು ಕೇಳಿದರಂತೆ. ಅವರ ಹೆಂಡತಿ ಒಳಗೆ ಹೋಗಿ ತರುವಷ್ಟರಲ್ಲಿ ಮುಗಿದಿತ್ತಂತೆ. ಸುಳ್ಳು ಯಾಕೆ ಹೇಳಲಿ, ನನಗೆ ಮೊದಲು ಬಂದದ್ದು ದುಃಖವಲ್ಲ, ಹೊಟ್ಟೆಕಿಚ್ಚು. ಸಾಯುವುದನ್ನೂ ಈ ಮನುಷ್ಯ ಇಷ್ಟು ಚಂದವಾಗಿ ಮುಗಿಸಿಕೊಂಡರಲ್ಲ! ನನಗೆ ಬಿ.ಪಿ. ಉಂಟು, ಸಕ್ಕರೆ ಉಂಟು, ಮೈಸೂರಿನ ಆಸ್ಪತ್ರೆಯಲ್ಲಿ ಎರಡು ದಪ್ಪ ಫೈಲುಗಳುಂಟು. ನನ್ನದು ಇಷ್ಟು ಸಲೀಸಾಗಿ ಆಗುವುದಿಲ್ಲ ಎಂದು ಡಾಕ್ಟರೇ ಸೂಚನೆ ಕೊಟ್ಟಿದ್ದಾರೆ.

ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಬರೆಯುತ್ತೇನೆ. ಅವರ ಬಗ್ಗೆ ಬರೆಯಲು ಒಳ್ಳೆಯದು ಬಿಟ್ಟು ಬೇರೇನೂ ಇಲ್ಲದಿರುವುದೇ ನನ್ನ ಹೊಟ್ಟೆಯುರಿಗೆ ಅರ್ಧ ಕಾರಣ.

ನಮ್ಮದು ಗಾಳಿಬೀಡಿನ ಕಡೆ ನಲವತ್ತೆರಡು ಎಕರೆ ಕಾಫಿ ತೋಟ. ತೋಟದ ಅಂಚಿಗೆ ಒಂದು ತೋಡು ಹರಿಯುತ್ತದೆ. ಬೇಸಿಗೆಯಲ್ಲಿ ಪಂಚೆ ಎತ್ತಿ ಜಿಗಿದರೆ ಆಚೆ ಸೇರಬಹುದು, ಅಷ್ಟೇ ಅಗಲ. ಆಚೆ ಅವರದು ಎರಡೂವರೆ ಎಕರೆ, ಅದರಲ್ಲೂ ಅರ್ಧ ಎಕರೆ ಗದ್ದೆ. ನನ್ನಲ್ಲಿ ಎರಡು ಕಾರು, ಒಂದು ಪಿಕಪ್, ನಾಲ್ಕು ಕೋಣೆಯ ಹೋಂಸ್ಟೇ, ಲೈನ್ ಮನೆಗಳಲ್ಲಿ ಆಳುಗಳ ಹನ್ನೊಂದು ಸಂಸಾರ, ಲೆಕ್ಕ ಬರೆಯಲು ಒಬ್ಬ ರೈಟರ್. ಅವರಲ್ಲಿ ಒಬ್ಬಳು ಹೆಂಡತಿ, ಒಂದು ಹಸು. ಮಗಳನ್ನು ಹುದಿಕೇರಿ ಕಡೆ ಕೊಟ್ಟಾಗಿತ್ತು. ಹೀಗೆ ಎರಡೂ ಕಡೆಯದನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಹೊಟ್ಟೆಕಿಚ್ಚು ಪಡಬೇಕಾದವರು ಅವರು ತಾನೇ? ಇಪ್ಪತ್ತು ವರ್ಷ ಕಾದೆ. ಪಡಲೇ ಇಲ್ಲ ಮಹಾನುಭಾವ.

ಹೆಸರು ಬರೆಯುವುದಿಲ್ಲ. ಊರಿಗೆಲ್ಲ ಅವರು ಅಣ್ಣ. ನನಗಿಂತ ಹನ್ನೆರಡು ವರ್ಷಕ್ಕೆ ದೊಡ್ಡವರು. ಕುಳ್ಳು ಆಳು, ವರ್ಷವಿಡೀ ತಲೆಗೊಂದು ಉಲ್ಲನ್ ಟೊಪ್ಪಿ, ಅದರ ಕೆಳಗೆ ಎರಡೂ ಕಡೆ ಹೊರಗೆ ಚಾಚಿಕೊಂಡ ಕಿವಿಗಳು. ಯಾರಿಗೋ ಸೇರಿದ್ದ ಒಂದು ಖಾಕಿ ಕೋಟು. ಅದರ ತೋಳು ಅವರ ಬೆರಳು ಮುಚ್ಚುವಷ್ಟು ಉದ್ದ. ಮಾತಾಡುವ ಮೊದಲು ಮೂಗನ್ನು ಅಂಗೈಯಲ್ಲಿ ಒಮ್ಮೆ ಮೇಲಕ್ಕೆ ಉಜ್ಜಿ, ಒಂದು ನಗು ನಗುತ್ತಿದ್ದರು. ಆ ನಗು ಬಂತೆಂದರೆ ಎದುರಿನವನಿಗೆ ಗೊತ್ತಾಗುತ್ತಿತ್ತು, ಅಣ್ಣ ಏನೋ ಕೇಳುತ್ತಾರೆ.

ಕೇಳುವುದೇ ಅವರ ಕಸುಬು. ಯಾರ ಹತ್ತಿರ ಬೇಕಾದರೂ, ಏನು ಬೇಕಾದರೂ. ಬಸ್ ಸ್ಟಾಪಿನ ಹತ್ತಿರ ಅಂಗಡಿಯಿಟ್ಟ ಕಾಕನ ಹತ್ತಿರ ಹಳೆಯ ಪೇಪರು. ಶಾಲೆಯ ಮೇಷ್ಟರ ಹತ್ತಿರ ಒಂದು ಅರ್ಜಿ ಬರೆಸುವುದು. ನನ್ನದೇ ಲೈನಿನ ತಮಿಳು ಹೆಂಗಸರ ಹತ್ತಿರ ಒಂದು ಹಿಡಿ ನುಗ್ಗೆ ಸೊಪ್ಪು. ಒಮ್ಮೆ ಪೋಸ್ಟಿನವನನ್ನು ನಿಲ್ಲಿಸಿ, "ನಿನ್ನ ಕಣ್ಣ್ ಚೊಲೋ ಉಟ್ಟಲ್ಲ, ಈ ಸೂಜಿಗೊಂದು ನೂಲು ಏರ್ಸಿಕೊಡು ಮಾರಾಯ" ಎಂದು ಕೋಟಿನ ಕಾಲರಿನಿಂದ ಸೂಜಿ ತೆಗೆದದ್ದನ್ನು ನಾನೇ ನೋಡಿದ್ದೇನೆ. ಪೋಸ್ಟಿನವನು ಸೈಕಲ್ಲು ಒರಗಿಸಿ, ನೂಲು ಏರಿಸಿ, ನಗುತ್ತಾ ಹೋದ. ಅವನ ಮುಖ ನೋಡಿದರೆ ಇವರೇ ಅವನಿಗೆ ಏನೋ ಕೊಟ್ಟ ಹಾಗಿತ್ತು.

ನನಗೆ ಮೊದಮೊದಲು ಇದು ಅಸಹ್ಯವಾಗಿ ಕಾಣುತ್ತಿತ್ತು. ಇದ್ದ ಎರಡೂವರೆ ಎಕರೆಯಲ್ಲಿ ಒಂದು ಏಣಿ ಇಟ್ಟುಕೊಳ್ಳಲಾಗದವರು ಎಂದುಕೊಂಡಿದ್ದೆ. ಒಂದು ದಿನ ಏನೋ ಕೆಲಸಕ್ಕೆ ಅವರ ಮನೆಗೆ ಹೋದಾಗ ಜಗಲಿಯ ಗೋಡೆಗೆ ಒಳ್ಳೆಯ ಬಿದಿರಿನ ಏಣಿ ಒರಗಿತ್ತು.

"ಏಣಿ ತಗೊಂಡ್ರಾ ಅಣ್ಣಾ?" ಎಂದೆ.

"ಅದು ಮೇಲ್ಮನೆಯವರದ್ದು. ನಂದು ಕಾಕನ ಮನೆಲಿ ಉಟ್ಟು, ಅವ್ನ ಹಂಚು ಬದಲ್ಸಿಕೆ."

"ಆ ಗುದ್ದಲಿ?"

"ಮೇಷ್ಟ್ರದ್ದು. ನಂದ್ರ ಹಿಡಿ ಮುರ್ದ್ ಹೋತ್, ಆಚಾರಿ ಹತ್ರ ಉಟ್ಟು. ಅವ ಹೊಸ ಹಿಡಿ ಹಾಕಿ ಅದ್ರಲ್ಲೇ ಅವ್ನ ಬಾಳೆಗೆ ಬುಡ ಮಾಡ್ತುಟ್ಟು. ಮುಗ್ಸಿ ತರ್ಲಿ, ಅವ್ಸರ ಎಂತ?"

ಹೀಗೇ ಕೇಳುತ್ತಾ ಹೋದೆ. ಕತ್ತಿ, ಹಗ್ಗ, ತಾಮ್ರದ ಹಂಡೆ, ಮಳೆಗಾಲದ ಗೊರಬೆ. ಅವರ ಮನೆಯಲ್ಲಿದ್ದದ್ದು ಯಾವುದೂ ಅವರದಲ್ಲ. ಅವರದ್ದು ಯಾವುದೂ ಅವರ ಮನೆಯಲ್ಲಿರಲಿಲ್ಲ. ಅವರ ಆಸ್ತಿ ನೋಡಬೇಕಾದರೆ ಅರ್ಧ ದಿನ ರಜೆ ಹಾಕಿ ಊರು ಸುತ್ತಬೇಕಿತ್ತು. ನನ್ನಲ್ಲಿ ನಾಲ್ಕು ಅಲ್ಯೂಮಿನಿಯಂ ಏಣಿಗಳಿವೆ. ನಾಲ್ಕಕ್ಕೂ ಕೆಂಪು ಬಣ್ಣದಲ್ಲಿ ನಂಬರು ಹಾಕಿಸಿ ಶೆಡ್ಡಿನಲ್ಲಿ ಬೀಗ ಹಾಕಿಟ್ಟಿದ್ದೇನೆ. ಒಂದನ್ನೂ ಯಾರೂ ಕೇಳಿಕೊಂಡು ಬಂದದ್ದಿಲ್ಲ. ಕಳ್ಳರೂ ಬಂದಿಲ್ಲ.

ಗದ್ದೆ ಕೆಲಸಕ್ಕೆ ಅವರು ಆಳು ಇಟ್ಟವರೇ ಅಲ್ಲ. ನಮ್ಮ ಕಡೆ ಹಿಂದೆ ಎಲ್ಲರೂ ಮಾಡುತ್ತಿದ್ದ ಮುಯ್ಯಾಳು ಕ್ರಮವನ್ನು ಅವರೊಬ್ಬರು ಹಿಡಿದುಕೊಂಡಿದ್ದರು. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಕೂಲಿ ಇಲ್ಲ, ಊಟ ಉಂಟು, ಅಷ್ಟೇ. ನಮ್ಮಪ್ಪನ ಕಾಲಕ್ಕೆ ನಮ್ಮ ಮನೆಯಲ್ಲೂ ಇತ್ತು. ತೋಟ ದೊಡ್ಡದಾದ ಮೇಲೆ, ಲೈನ್ ಮನೆ ಕಟ್ಟಿಸಿದ ಮೇಲೆ, ನಾವು ಯಾರ ಗದ್ದೆಗೂ ಹೋಗಲಿಲ್ಲ. ನಮ್ಮ ಗದ್ದೆಗೂ ಕಾಫಿ ಹಾಕಿದೆವು. ಅದನ್ನೇ ನಾವು ಉದ್ಧಾರ ಎಂದು ಕರೆದೆವು.

ನನ್ನ ಹೋಂಸ್ಟೇ ವಿಷಯ ಹೇಳದೆ ಇದ್ದರೆ ನನ್ನ ಸಂಕಟ ನಿಮಗೆ ಅರ್ಥವಾಗುವುದಿಲ್ಲ. ಕೋಣೆಗೆ ಟೈಲ್ಸು, ಬಿಸಿನೀರು, ಗೋಡೆಗಾತ್ರದ ಟಿ.ವಿ., ಸಂಜೆಗೆ ಬೆಂಕಿ ಹಾಕಿ ಕೂರಲು ಕಲ್ಲಿನ ಕಟ್ಟೆ, ಎಲ್ಲ ಮಾಡಿಸಿದ್ದೇನೆ. ಬಂದವರು ಬೆಳಿಗ್ಗೆ ನನ್ನ ಹೆಂಡತಿ ಮಾಡಿದ ಕಡುಬು ತಿಂದು ವಾಕಿಂಗ್ ಹೊರಡುತ್ತಾರೆ. ತೋಡಿನ ಮೇಲಿನ ಕಾಲುಸಂಕ ದಾಟುತ್ತಾರೆ. ಅಷ್ಟೇ, ಮಧ್ಯಾಹ್ನದವರೆಗೆ ಪತ್ತೆಯಿಲ್ಲ. ಹುಡುಕಿಕೊಂಡು ಹೋದರೆ ಅಣ್ಣನ ಜಗಲಿಯಲ್ಲಿ ಕೂತು ಅವರ ಅವರೆಕಾಳು ಸುಲಿಯುತ್ತಿರುತ್ತಾರೆ! "ಬಂದಿದ್ದೀರಲ್ಲ, ಸ್ವಲ್ಪ ಕೈ ಹಾಕಿ" ಎಂದು ಅವರು ಮೊರ ಮುಂದೆ ಇಟ್ಟಿರುತ್ತಾರೆ. ಒಬ್ಬ ಮಹಾರಾಯ ಇಂಟರ್ನೆಟ್ಟಿನಲ್ಲಿ ನನ್ನ ಹೋಂಸ್ಟೇಗೆ ಐದು ನಕ್ಷತ್ರ ಕೊಟ್ಟು, ಕೆಳಗೆ ಬರೆದದ್ದು ಇಷ್ಟು: "ಪಕ್ಕದ ಮನೆ ಅಂಕಲ್ ಸೂಪರ್. ಹಸುವಿಗೆ ಹುಲ್ಲು ಹಾಕಿಸಿದರು." ನನ್ನ ಟೈಲ್ಸಿನ ಸುದ್ದಿಯೇ ಇಲ್ಲ. ಆ ದಿನ ನಾನು ಮಧ್ಯಾಹ್ನದ ಊಟ ಬಿಟ್ಟೆ.

ಇನ್ನು ಮಳೆಯ ವಿಷಯ. ಅಲ್ಲಿಂದಲೇ ನಿಜವಾದ ಕಥೆ ಶುರು.

ಆ ವರ್ಷ ಕೊಯ್ಲಿನ ನಡುವೆ, ಒಂದು ಆದಿತ್ಯವಾರ, ಕಣದ ತುಂಬ ಕಾಫಿ ಹರಡಿತ್ತು. ಸಿಪ್ಪೆಯ ಸಮೇತ ಮೂರು ದಿನ ಒಣಗಿದ್ದ ಒಳ್ಳೆಯ ಚೆರ್ರಿ. ಆಳುಗಳೆಲ್ಲ ಮಡಿಕೇರಿ ಪೇಟೆಗೆ ಹೋಗಿದ್ದರು, ರೈಟರ್ ತನ್ನೂರಿಗೆ. ಮಧ್ಯಾಹ್ನ ಎರಡು ಗಂಟೆಗೆ ಬೆಟ್ಟದ ಮೇಲೆ ಕಪ್ಪು ಕಟ್ಟಿತು. ಆ ತಿಂಗಳಲ್ಲಿ ಮಳೆ ಬರುತ್ತದೆ ಎಂದು ಯಾರಪ್ಪ ನಂಬಬೇಕು? ನಾನೂ ನನ್ನ ಹೆಂಡತಿಯೂ ಟರ್ಪಾಲಿನ ಒಂದೊಂದು ತುದಿ ಹಿಡಿದು ಎಳೆದಾಡುತ್ತಿದ್ದೆವು. ಅಷ್ಟು ದೊಡ್ಡ ಕಣಕ್ಕೆ ಇಬ್ಬರು ಏನು ಮಾಡುವುದು? ಗಾಳಿ ಬೇರೆ. ನನಗೆ ಅಳುವೇ ಬಂದಿತ್ತು.

ಆಗ ಕಾಲುಸಂಕದ ಮೇಲೆ ಸಾಲಾಗಿ ಜನ ಬಂದರು. ಮುಂದೆ ಉಲ್ಲನ್ ಟೊಪ್ಪಿ. ಹಿಂದೆ ಕಾಕ, ಅವನ ಅಳಿಯ, ಮೇಷ್ಟರು, ಆಚಾರಿ, ಮೇಲ್ಮನೆಯ ಮೂವರು, ಹೆಂಗಸರು. ನಾನು ಕರೆದಿರಲಿಲ್ಲ. ಯಾರೂ ನನ್ನ ಕಡೆ ನೋಡಲೂ ಇಲ್ಲ. ಅಣ್ಣ, "ಕಾಕಾ, ನೀ ಆ ಮೂಲೆ. ಮೇಷ್ಟ್ರೆ, ಗೋರುಮಣೆ ಹಿಡೀರಿ" ಎಂದಷ್ಟೇ ಕೂಗಿದ್ದು. ಇಪ್ಪತ್ತು ನಿಮಿಷದಲ್ಲಿ ಕಾಫಿ ರಾಶಿಯಾಗಿ, ಟರ್ಪಾಲು ಬಿದ್ದು, ಮೇಲೆ ಕಲ್ಲು ಕೂತಿತು. ಕೊನೆಯ ಕಲ್ಲು ಇಡುವಾಗ ಹನಿ ಬಿತ್ತು. ಎಲ್ಲರೂ ನನ್ನ ಶೆಡ್ಡಿನ ಕೆಳಗೆ ನಿಂತು ತಲೆ ಒರೆಸಿಕೊಳ್ಳುತ್ತಾ ನಕ್ಕರು. ನನಗೂ ನಗು ಬಂತು. ಎಷ್ಟೋ ವರ್ಷಕ್ಕೆ ನನ್ನ ಅಂಗಳದಲ್ಲಿ ಅಷ್ಟು ಜನ ನಕ್ಕದ್ದು.

ಆಮೇಲೆ ನಾನು ಮಾಡಿದ ಕೆಲಸ ಕೇಳಿ. ಒಳಗೆ ಹೋಗಿ ಬೀರು ತೆಗೆದು, ಪ್ರತಿಯೊಬ್ಬರಿಗೂ ಒಂದೊಂದು ಐನೂರರ ನೋಟು ತಂದು ಕೈಯಲ್ಲಿಟ್ಟೆ. ಇಪ್ಪತ್ತು ನಿಮಿಷಕ್ಕೆ ಎರಡು ದಿನದ ಕೂಲಿಯ ಹತ್ತಿರ ಹತ್ತಿರ ಬರುತ್ತದೆ, ನೋಡಿ. ಅಣ್ಣನಿಗೆ ಅದರ ಜೊತೆ ಮಿಲಿಟರಿ ಕ್ಯಾಂಟೀನಿನ ಒಂದು ಬಾಟಲಿ ರಮ್ಮು. ನಾನು ಎಂಥ ದೊಡ್ಡ ಮನಸ್ಸಿನವನು ಎಂದು ನನಗೇ ಖುಷಿಯಾಗಿತ್ತು. ನಗು ಮಾತ್ರ ಯಾಕೋ ನಿಂತುಹೋಯಿತು. ಕಾಕ ನೋಟನ್ನು ತಿರುಗಿಸಿ ನೋಡಿ ಅಣ್ಣನ ಮುಖ ನೋಡಿದ. ಅಣ್ಣ ತಮ್ಮ ನೋಟನ್ನು ಮಡಚಿ ಖಾಕಿ ಕೋಟಿನ ಜೇಬಿಗೆ ಹಾಕಿಕೊಂಡರು.

"ಓ, ಹಂಗಾರೆ ಆತ್ ಅಲ್ಲ. ಲೆಕ್ಕ ಮುಗ್ತ್," ಎಂದರು. ಕೋಪದಿಂದಲ್ಲ. ಹೊರಡುವ ಬಸ್ಸು ಹೊರಟಿತು ಎನ್ನುವ ಹಾಗೆ ಹೇಳಿದರು.

ತೆಗೆದುಕೊಳ್ಳದೆ ವಾಪಸು ಕೊಟ್ಟಿದ್ದರೆ ಜಗಳವಾಡಲಾದರೂ ಒಂದು ದಾರಿ ಇರುತ್ತಿತ್ತು. ತೆಗೆದುಕೊಂಡರು. ಅದರ ನಂತರ ಒಂದು ವರ್ಷ, ಎರಡು ವರ್ಷ, ಆರು ವರ್ಷ ಅವರು ನನ್ನ ಹತ್ತಿರ ಏನೂ ಕೇಳಲಿಲ್ಲ. ಅದಕ್ಕೆ ಮೊದಲು ಅಪರೂಪಕ್ಕಾದರೂ, "ನಿಮ್ಮಲ್ಲಿ ಮೈಲುತುತ್ತು ಒಂದ್ ಹಿಡಿ ಉಟ್ಟಾ?" ಎಂದು ಬರುತ್ತಿದ್ದರು. ಅದೂ ನಿಂತಿತು. ಮಾತು ಬಿಟ್ಟರೆಂದಲ್ಲ. ಸಿಕ್ಕಿದಾಗೆಲ್ಲ ನಿಂತು ಮಾತಾಡುತ್ತಿದ್ದರು, ನನ್ನ ಸಕ್ಕರೆ ಎಷ್ಟಾಯಿತು ಎಂದು ವಿಚಾರಿಸುತ್ತಿದ್ದರು. ಆದರೆ ಅಂಗೈಯಲ್ಲಿ ಮೂಗು ಉಜ್ಜಿ ನಗುವ ಆ ನಗು ನನ್ನ ಎದುರು ಬರಲಿಲ್ಲ.

ನಾನು ಕಾಯತೊಡಗಿದೆ. ಹುಚ್ಚು ಎನ್ನಿ ಬೇಕಾದರೆ. ನಲವತ್ತೆರಡು ಎಕರೆಯ ಯಜಮಾನ, ಎರಡೂವರೆ ಎಕರೆಯವನು ತನ್ನ ಹತ್ತಿರ ಒಂದು ಕತ್ತಿಯನ್ನೋ ಏಣಿಯನ್ನೋ ಕೇಳಲಿ ಎಂದು ಗೇಟಿನ ಹತ್ತಿರ ಸುಳಿದಾಡುವುದು! ಒಂದು ಸಲ ಅವರ ಹೆಂಡತಿ ಜಾರಿ ಬಿದ್ದು ಮೊಣಕಾಲು ಊದಿಸಿಕೊಂಡರು. ನಾನು ಬೇಕೆಂದೇ ಕಾರು ಹೊರಗೆ ನಿಲ್ಲಿಸಿ ತೊಳೆಯುತ್ತಾ ನಿಂತೆ. ಇವತ್ತು ಕೇಳದೆ ಎಲ್ಲಿಗೆ ಹೋಗುತ್ತಾರೆ ನೋಡೋಣ ಎಂದು. ಗಂಡ ಹೆಂಡತಿ ಕುಂಟುತ್ತಾ ನನ್ನ ಗೇಟಿನ ಮುಂದೆಯೇ ಬಂದರು. "ಕಾರ್ ತೊಳ್ಯುವುದಾ? ಚೊಲೋ ಕಾರ್," ಎಂದು ಅಣ್ಣ ಮುಂದೆ ಹೋಗಿ, ಮೀನಿನ ಗಾಡಿಗೆ ಕೈ ತೋರಿಸಿದರು. ಮೀನಿನ ಗಾಡಿಗೆ! ಆ ಮೀನಿನವನು ಇಳಿದು ಬಂದು ಸ್ವಂತ ಅಕ್ಕನನ್ನು ಎತ್ತಿಕೊಂಡ ಹಾಗೆ ಅವರ ಹೆಂಡತಿಯನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಗಾಡಿ ಪೀಂ ಪೀಂ ಎಂದು ಮಡಿಕೇರಿಗೆ ಹೋಯಿತು. ನಾನು ಕೈಯಲ್ಲಿದ್ದ ಬಟ್ಟೆಯನ್ನು ನೆಲಕ್ಕೆ ಬಡಿದೆ.

"ನೀವೇ ಕರೀಬಾರದಿತ್ತಾ?" ಎಂದಳು ಹೆಂಡತಿ.

"ಅವ್ರಿಗೆ ಬಾಯಿಲ್ಲೆಯಾ? ಊರಿಡೀ ಕೇಳ್ತಾರಲ್ಲ!" ಎಂದು ಅವಳ ಮೇಲೆ ರೇಗಿದೆ.

ಅವರ ಒಂದು ಮಾತು ಊರಲ್ಲಿ ಈಗಲೂ ಓಡಾಡುತ್ತದೆ. ಯಾರೋ ದಲ್ಲಾಳಿ ಬಂದು, ಗದ್ದೆ ಮಾರಿ, ಒಳ್ಳೆಯ ರೇಟು ಬರುತ್ತದೆ, ಶ್ರೀಮಂತರಾಗುತ್ತೀರಿ ಎಂದನಂತೆ. ಅಣ್ಣ ಟೊಪ್ಪಿ ತೆಗೆದು ತಲೆ ಕೆರೆದುಕೊಂಡು, "ನಾ ಈಗ್ಲೇ ಹಂಗೇ ಉಟ್ಟಲ್ಲ ಮಾರಾಯ, ಎರಡ್ ಸಲ ಆಗಿ ಎಂತ ಮಾಡಿಕೆ?" ಎಂದರಂತೆ. ಕಾಕ ಇದನ್ನು ಅಂಗಡಿಯಲ್ಲಿ ಹೇಳಿ ಹೇಳಿ ನಗಾಡುವಾಗ ನಾನೂ ನಕ್ಕಿದ್ದೇನೆ. ಮನೆಗೆ ಬಂದು ಕೂತರೆ ಮೈಯೆಲ್ಲ ಉರಿ. ಎಷ್ಟು ಧಿಮಾಕು! ಎಷ್ಟು ಎಕರೆ ಇದ್ದರೆ ಆ ಮಾತು ಆಡಬಹುದು ಎಂಬುದಕ್ಕೆ ಒಂದು ಲೆಕ್ಕ ಬೇಡವೇ? ನನಗೆ ಆ ಮಾತನ್ನು ಆಡುವ ಧೈರ್ಯ ಈವರೆಗೂ ಬಂದಿಲ್ಲ.

ಕೊನೆಗೆ ಕಳೆದ ವರ್ಷ ಮಳೆ ಹಿಡಿಯುವ ಹೊತ್ತಿಗೆ ನಾನೇ ಸೋತೆ. ಕಾಲುಸಂಕದ ಮೇಲೆ ಎದುರಾದರು. ಪಕ್ಕಕ್ಕೆ ಸರಿಯಲು ಜಾಗವಿರಲಿಲ್ಲ. ಇಬ್ಬರೂ ನಿಂತೆವು.

"ಅಣ್ಣಾ, ಒಂದು ಮಾತು ಕೇಳ್ತೆ, ಸಿಟ್ಟಾಗ್ಬೇಡಿ. ನಾನೆಂತ ನಿಮ್ಗೆ ಅನ್ಯನಾ? ಮೀನಿನವನ ಹತ್ರ ಕೇಳ್ತೀರಿ, ಪೋಸ್ಟಿನವನ ಹತ್ರ ಕೇಳ್ತೀರಿ. ನನ್ನ ಹತ್ರ ಎಂತಕೆ ಕೇಳುದಿಲ್ಲೆ?"

"ಕೇಳಿರೆ ನೀವು ಕೊಡ್ತೀರಿ," ಎಂದರು.

"ಕೊಡ್ತೇನಲ್ಲ!"

"ಅದೇ ಹೆದ್ರಿಕೆ. ಕೊಟ್ಟ ಮೇಲೆ ನೀವು ಬಂದ್ ನನ್ನ ಹತ್ರ ಎಂತಾರೂ ಕೇಳ್ತೀರಾ? ಇಲ್ಲೆ. ನಿಮ್ಗೆ ಎಲ್ಲ ಉಟ್ಟು. ಹಂಗಾರೆ ನಾ ಭಿಕ್ಷೆ ಬೇಡ್ದವ ಆದೆ. ಮೀನಿನವ ಹಂಗಲ್ಲ, ನಾಳೆ ಅವ್ನ ಗಾಡಿ ಕೆಸರ್ಲಿ ಹೂತ್ರೆ ಕೂಗ್ತಾನೆ, ನಾ ಓಡ್ತೆ. ನಾಳೆ ನನ್ನ ಹತ್ರ ಬರುವವನ ಹತ್ರ ಮಾತ್ರ ನಂಗೆ ಇವತ್ತು ಬಾಯಿ ಬರುದು."

"ಹಂಗಾರೆ ನಾನೆಂತ ಮಾಡ್ಬೇಕು?" ಎಂದೆ, ಶಾಲೆ ಮಗುವಿನ ಹಾಗೆ.

"ನೀವು ಮೊದ್ಲು ಕೇಳಿ," ಎಂದು ಅವರು ಹಿಂದಕ್ಕೆ ನಡೆದು ನನಗೆ ದಾರಿ ಬಿಟ್ಟರು.

ಮೂರು ದಿನ ಯೋಚಿಸಿದೆ. ಏನು ಕೇಳುವುದು? ಏಣಿ ನಾಲ್ಕಿದೆ. ಸ್ಪ್ರೇಯರು ಮೂರಿದೆ. ಮರ ಕೊಯ್ಯುವ ಮಿಷನ್ನು ಎರಡಿದೆ. ಯಾವುದು ನೆನಪಾದರೂ ಶೆಡ್ಡಿನಲ್ಲಿ ಉಂಟು, ಇಲ್ಲದಿದ್ದರೆ ಪೇಟೆಯಿಂದ ತರಿಸಬಹುದು. ನಲವತ್ತೆರಡು ಎಕರೆಯೊಳಗೆ ನನಗೆ ಒಂದು ಕೊರತೆ ಹುಡುಕಿಕೊಳ್ಳಲಾಗಲಿಲ್ಲ ನೋಡಿ, ಅಂಥ ದರಿದ್ರ. ನಾಲ್ಕನೆಯ ದಿನ ರೈಟರ್ ಬಂದು, ಕೆಳಗಿನ ಬ್ಲಾಕಿನಲ್ಲಿ ಮತ್ತೆ ಇಪ್ಪತ್ತು ಮೆಣಸಿನ ಬಳ್ಳಿ ಸೊರಗಿ ಸತ್ತವು ಎಂದು ವರದಿ ಕೊಟ್ಟ. ನನಗೆ ಎಷ್ಟು ಸಂತೋಷವಾಯಿತೆಂದರೆ ಅವನು ಗಾಬರಿಯಾದ. ಅಣ್ಣನ ಮೆಣಸಿನ ಬಳ್ಳಿಗಳಿಗೆ ಆ ರೋಗ ಬಂದಿರಲಿಲ್ಲ.

ಹೋಗಿ ಅವರ ಅಂಗಳದಲ್ಲಿ ನಿಂತೆ. ಎರಡು ಸಲ ಸುಮ್ಮನೆ ಕೆಮ್ಮಿದೆ. ಬ್ಯಾಂಕಿನ ಮ್ಯಾನೇಜರ ಎದುರು ಕೂತಾಗಲೂ ನಾನು ಹಾಗೆ ಕೆಮ್ಮಿದ್ದಿಲ್ಲ.

"ಅಣ್ಣಾ, ನನ್ನ ಬಳ್ಳಿ ಎಲ್ಲ ಹೋತ್. ನೆಡಿಕೆ ನಿಮ್ಮದ್ರಿಂದ ಸ್ವಲ್ಪ ತುಂಡು ಬೇಕಿತ್ತು."

ಆಗ ಬಂತು ಆ ನಗು. ಟೊಪ್ಪಿ ಹಿಂದಕ್ಕೆ ಸರಿಸಿ, ಕತ್ತಿ ಹುಡುಕಿ (ಮೇಲ್ಮನೆಯವರದ್ದು), ಮರದಿಂದ ಮರಕ್ಕೆ ಓಡಾಡಿದರು. "ಇದು ಚೊಲೋ ಬಳ್ಳಿ. ಇದು ನನ್ನ ಮಾವ ತಂದದ್ದು. ಇದ್ರದ್ದೂ ತಗೊಳ್ಳಿ." ಬಾಳೆಯ ನಾರಿನಲ್ಲಿ ಎರಡು ದೊಡ್ಡ ಕಟ್ಟು ಕಟ್ಟಿ ನನ್ನ ಹೆಗಲಿಗೆ ಅವರೇ ಹೊರಿಸಿದರು. ಎಷ್ಟಾಯಿತು ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ದೇವರ ದಯೆ, ನುಂಗಿಕೊಂಡೆ.

"ಈಗ ನಂಗೂ ಬಾಯಿ ಬಂತು," ಎಂದರು ಅಣ್ಣ. ಮೂಗು ಉಜ್ಜಿಕೊಂಡರು. "ಬರುವ ಆದಿತ್ಯವಾರ ನಾಟಿ. ಒಂದಾಳು ಕಮ್ಮಿ ಉಟ್ಟು. ನೀವು ಬರ್ತೀರಾ ಮುಯ್ಯಿಗೆ?"

ಆರು ವರ್ಷ ಕಾದಿದ್ದೆ. ಬರುತ್ತೇನೆ ಎಂದೆ. ತೋಡು ದಾಟಿ ಮನೆಗೆ ಬರುವಾಗ ಹೆಗಲ ಮೇಲಿನ ಕಟ್ಟಿನ ನೀರು ಬೆನ್ನಿಗೆಲ್ಲ ಇಳಿಯುತ್ತಿತ್ತು. ನಾನು ಹಾಡು ಗುನುಗುತ್ತಿದ್ದೆನಂತೆ, ಹೆಂಡತಿ ಆಮೇಲೆ ಹೇಳಿದಳು. ಹಳೆಯ ಚಡ್ಡಿ, ಹಳೆಯ ಅಂಗಿ ತೆಗೆದಿಟ್ಟೆ. ಕಾಕನ ಅಂಗಡಿಗೆ ಬೇಕೆಂದೇ ಹೋಗಿ, "ಆದಿತ್ಯವಾರ ನಾನಿಲ್ಲ, ಅಣ್ಣನ ನಾಟಿಗೆ ಹೋಗ್ಬೇಕು" ಎಂದು ಎರಡು ಸಲ ಹೇಳಿ ಬಂದೆ.

ಶನಿವಾರ ಸಂಜೆ ಫೋನು ಬಂತು. ಯಾರೋ ಡಾಕ್ಟರುಗಳ ಗುಂಪು, ನಾಲ್ಕು ಕೋಣೆಯೂ ಬೇಕು, ಬೆಳಿಗ್ಗೆ ಬರುತ್ತೇವೆ, ತೋಟವನ್ನು ಯಜಮಾನರೇ ಜೊತೆಗಿದ್ದು ತೋರಿಸಬೇಕು ಎಂದರು. ಆ ಮಳೆಗಾಲದಲ್ಲಿ ಕೋಣೆಗಳೆಲ್ಲ ಖಾಲಿ ಬಿದ್ದಿದ್ದವು. ನಾನು ಯೋಚಿಸಿದೆ. ಅಣ್ಣ ಕೇಳಿದ್ದು ಒಂದಾಳು. ನನಗೋ ವಯಸ್ಸಾಯಿತು, ಸಕ್ಕರೆ ಬೇರೆ. ನಾನು ಒಂದು ಸಾಲು ನೆಡುವುದರೊಳಗೆ ಸೊಂಟ ಹಿಡಿಯುತ್ತದೆ. ಗಟ್ಟಿಮುಟ್ಟಾದ ಎರಡು ಆಳು ಕಳಿಸಿದರೆ ಅವರಿಗೇ ಲಾಭವಲ್ಲವೇ? ಒಂದಕ್ಕೆ ಎರಡು! ಕೂಲಿ ನಾನೇ ಕೊಡುತ್ತೇನೆ, ಊಟದ ಖರ್ಚೂ ಅವರಿಗೆ ಬೇಡ.

"ನೀವೇ ಹೋಗಿ," ಎಂದಳು ಹೆಂಡತಿ. "ಡಾಕ್ಟ್ರಿಗೆ ತೋಟ ನಾ ತೋರ್ಸ್ತೆ. ಅವ್ರು ಕರ್ದದ್ದು ನಿಮ್ಮನ್ನ."

"ಕೆಲ್ಸ ಆಗ್ಬೇಕಾ, ನಾ ಆಗ್ಬೇಕಾ?" ಎಂದೆ. ಆ ಬುದ್ಧಿವಂತ ಮಾತು ಆಡಿದ್ದು ನಾನೇ.

ಬೆಳಿಗ್ಗೆ ಇಬ್ಬರು ಆಳುಗಳನ್ನು ಬುತ್ತಿ ಕಟ್ಟಿಸಿ ಕಳಿಸಿದೆ. ಹತ್ತು ಗಂಟೆಗೆ ನಾನು ಡಾಕ್ಟರುಗಳಿಗೆ ಅರೇಬಿಕಾಕ್ಕೂ ರೋಬಸ್ಟಾಕ್ಕೂ ವ್ಯತ್ಯಾಸ ವಿವರಿಸುತ್ತಿರುವಾಗ ಇಬ್ಬರೂ ವಾಪಸು ಬರುವುದು ಕಾಣಿಸಿತು. ಕಾಲಿಗೆ ಕೆಸರೂ ಆಗಿರಲಿಲ್ಲ.

"ಯಾಕೆ ಬಂದಿರಿ?"

"ಸಾರ್, ಅವ್ರು ಕಾಫಿ ಕೊಟ್ರು, ರೊಟ್ಟಿ ಕೊಟ್ರು, ಚೆನ್ನಾಗ್ ಮಾತಾಡ್ಸಿದ್ರು," ಎಂದ ಹಿರಿಯವನು. ಬುತ್ತಿಯನ್ನು ಕೈ ಬದಲಿಸಿದ. "ಆಮೇಲೆ, 'ನಾ ಆಳು ಕೇಳಿಲ್ಲಪ್ಪ, ನಿಮ್ ಧಣೀನ ಕೇಳಿದ್ದು' ಅಂದ್ಬಿಟ್ಟು ಕಳ್ಸಿಬಿಟ್ರು ಸಾರ್."

ದೂರದಲ್ಲಿ ಅವರ ಗದ್ದೆ ಕಾಣುತ್ತಿತ್ತು. ಹತ್ತು ಹನ್ನೆರಡು ಜನ ಸಾಲಾಗಿ ಬಗ್ಗಿದ್ದರು. ಮೀನಿನವನೂ ಇದ್ದ, ಅವನ ಗಾಡಿ ರಸ್ತೆ ಬದಿಗೆ ನಿಂತಿತ್ತು. ಏನೋ ತಮಾಷೆ ನಡೆದು ಎಲ್ಲರೂ ಒಟ್ಟಿಗೆ ಸೊಂಟ ನೆಟ್ಟಗೆ ಮಾಡಿ ನಗುವುದು ತೋಡಿನ ಈಚೆಗೂ ಕೇಳಿಸಿತು. ಡಾಕ್ಟರೊಬ್ಬರು, "ಏನ್ ಸಾರ್ ಅದು? ಅಲ್ಲಿಗೆ ಹೋಗಬಹುದಾ?" ಎಂದು ಕೇಳಿದರು. ಅದು ಬೇರೆಯವರ ಜಾಗ ಎಂದೆ.

ಎರಡು ಮೂರು ವಾರ ಕಳೆದು ಸಿಕ್ಕಿದಾಗ, "ಬೇಜಾರಾಯ್ತಾ ಅಣ್ಣಾ?" ಎಂದೆ.

"ಎಂತಕೆ ಬೇಜಾರು? ಬರಿಕೆ ಆಕಿಲ್ಲೆ ಅಂತ ಒಂದ್ ಮಾತ್ ಹೇಳಿದ್ರೆ ಸಾಕಿತ್ತು," ಎಂದರು. ಬಳ್ಳಿ ಚಿಗುರಿತಾ ಎಂದು ಕೇಳಿದರು. ಚಿಗುರಿದೆ ಎಂದೆ. ಒಳ್ಳೆಯದಾಯಿತು ಎಂದು ನನ್ನ ಹೆಗಲು ತಟ್ಟಿ ಹೋದರು. ಮತ್ತೇನೂ ಕೇಳಲಿಲ್ಲ. ಇನ್ನೊಂದು ಸಲ ನಾನೇ ಹೋಗಿ ಏನಾದರೂ ಕೇಳಬೇಕು, ಮುಂದಿನ ನಾಟಿಗೆ ಕರೆಯದಿದ್ದರೂ ಹೋಗಿ ಗದ್ದೆಗಿಳಿಯಬೇಕು ಎಂದು ಮನಸ್ಸಿನಲ್ಲೇ ಗಟ್ಟಿ ಮಾಡಿಕೊಂಡಿದ್ದೆ. ಮುಂದಿನ ನಾಟಿಗೆ ಅವರು ಇರುತ್ತಾರೆ ಎಂದೇ ತಿಳಿದಿದ್ದೆ.

ಅರ್ಧ ಗಡ್ಡದ ಸೋಪು ತೊಳೆದುಕೊಂಡು ನಾನು ಹೊರಟೆ. ನನ್ನ ತೋಟದಲ್ಲಿ ಪಿಕಿಂಗ್ ನಿಂತಿತ್ತು. ನಿಲ್ಲಿಸಿ ಎಂದು ನಾನು ಹೇಳಿರಲಿಲ್ಲ. ಲೈನಿನವರು ನನ್ನನ್ನು ಕೇಳದೆ ಕೊಯ್ಲಿನ ಚೀಲ ಕಳಚಿಟ್ಟು ತೋಡು ದಾಟಿ ಹೋಗಿಯಾಗಿತ್ತು. ಬೇರೆ ದಿನವಾಗಿದ್ದರೆ ರೈಟರನ್ನು ಹಿಡಿದು ಝಾಡಿಸುತ್ತಿದ್ದೆ.

ಅಂಗಳದಲ್ಲಿ ಎಲ್ಲರೂ ಕೆಲಸದಲ್ಲಿದ್ದರು. ಆಚಾರಿ ಬಿದಿರು ಸೀಳುತ್ತಿದ್ದ. ಕಾಕ, ಅವನ ಅಳಿಯ, ಮೀನಿನವನು ಸೌದೆ ಹೊರುತ್ತಿದ್ದರು. ಮೇಷ್ಟರು ಫೋನು ಹಿಡಿದು ಒಬ್ಬೊಬ್ಬ ನೆಂಟರಿಗೂ ಸುದ್ದಿ ಮುಟ್ಟಿಸುತ್ತಿದ್ದರು. ಪೋಸ್ಟಿನವನು ಬಾವಿಯಿಂದ ನೀರು ಸೇದುತ್ತಿದ್ದ. ನನ್ನ ಲೈನಿನ ಹೆಂಗಸರು ಹಿತ್ತಲಲ್ಲಿ ದೊಡ್ಡ ಒಲೆ ಹೂಡಿದ್ದರು. ಇಂಥದ್ದು ಮಾಡು ಎಂದು ಯಾರೂ ಯಾರಿಗೂ ಹೇಳುತ್ತಿರಲಿಲ್ಲ. ಅಣ್ಣನನ್ನು ಜಗಲಿಯಲ್ಲಿ ಚಾಪೆಯ ಮೇಲೆ ಮಲಗಿಸಿದ್ದರು, ಟೊಪ್ಪಿ ತೆಗೆದಿದ್ದರು. ಟೊಪ್ಪಿಯಿಲ್ಲದ ಆ ತಲೆ ತೀರಾ ಸಣ್ಣದಾಗಿ ಕಂಡಿತು. ಆಗ ನನಗೆ ಅಳು ಬಂತು. ಹೊಟ್ಟೆಕಿಚ್ಚು ಹೋಗಿ ಅಳು ಬಂತೆಂದಲ್ಲ, ಎರಡೂ ಒಟ್ಟಿಗೇ ಇದ್ದವು.

"ನಾನೆಂತ ಮಾಡ್ಲಿ ಕಾಕಾ?" ಎಂದೆ.

"ಅಯ್ಯೋ, ನಿಂಗಳು ಎಂತ ಮಾಡುದು ಸಾರೇ, ಎಲ್ಲಾ ಆಯ್ತು," ಎಂದ ಕಾಕ, ತುಂಬ ಮರ್ಯಾದೆಯಿಂದ.

ಆಗಿರಲಿಲ್ಲ. ಸೌದೆ ಇನ್ನೂ ಅರ್ಧ ರಸ್ತೆ ಬದಿಯಲ್ಲೇ ಇತ್ತು. ನಾನು ಹೋಗಿ ಒಂದು ಕೊರಡಿನ ತುದಿ ಹಿಡಿದು ಎತ್ತಿದೆ. ಮೀನಿನವನು ಓಡಿ ಬಂದು ನನ್ನ ಕೈಯಿಂದ ಮೆಲ್ಲಗೆ ಅದನ್ನು ಬಿಡಿಸಿಕೊಂಡ. "ಬಿಡಿ ಸಾರ್, ನೀವ್ಯಾಕೆ, ಬಟ್ಟೆ ಎಲ್ಲ ಹಾಳಾಗ್ತದೆ." ನನ್ನದೇ ತೋಟದ ರೈಟರ್ ಎಲ್ಲಿಂದಲೋ ಒಂದು ಕುರ್ಚಿ ತಂದು, ಹೆಗಲ ಟವೆಲಿನಿಂದ ಧೂಳು ಒರೆಸಿ, ಜಗಲಿಯ ಪಕ್ಕ ನೆರಳಿನಲ್ಲಿ ಹಾಕಿದ.

"ಕೂರಿ ಸಾರ್."

ಎಲ್ಲರೂ ನೋಡುತ್ತಿದ್ದರು. ಕೂತೆ. ಅವರು ಮತ್ತೆ ಸೌದೆ ಹೊರತೊಡಗಿದರು. ಆ ಅಂಗಳದಲ್ಲಿ ಕೆಲಸವಿಲ್ಲದವರು ನಾವಿಬ್ಬರೇ ಇದ್ದೆವು, ಚಾಪೆಯ ಮೇಲೆ ಅವರು, ಕುರ್ಚಿಯ ಮೇಲೆ ನಾನು.